ಹತ್ತನೇ ಪಾಯಿಂಟ್ ತನಕ ಸದ್ದಿಲ್ಲ

ಟಿಕೆಟ್ ಪುಸ್ತಕಗಳು ಪ್ರೆಸ್ಸಿನಿಂದ ಬಂದ ದಿನ ಹೊಸ ಕಾಗದದ ವಾಸನೆ ನೋಡಿ ಖುಷಿಪಟ್ಟಿದ್ದೆ. ಶನಿವಾರಕ್ಕೆ ಗುಲಾಬಿ ಬಣ್ಣ, ಭಾನುವಾರಕ್ಕೆ ಹಳದಿ. ಒಂದೊಂದು ಪುಸ್ತಕದಲ್ಲಿ 50 ಟಿಕೆಟ್, ಅಂಥವು 40 ಪುಸ್ತಕ. ಒಂಬತ್ತು ದಿನ ಕಳೆದು ಎಣಿಸಿದರೆ ಹರಿದಿದ್ದು 37. ಅದರಲ್ಲಿ ಐದು ನಾನೇ ಕೊಂಡಿದ್ದು.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಈ ಅತಿಥಿಗೆ ಯಾವ ಕೆಲಸ ಹಚ್ಚಿದರೂ ಆಗಲ್ಲ ಅನ್ನುವ ಹಾಗಿಲ್ಲ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮಾಡೋದು ಅಂತ ತೀರ್ಮಾನವಾದಾಗ ನಮ್ಮ ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಹೇಳಿದರು: "ನೀವು ಮಾರ್ಕೆಟಿಂಗ್ ಹೇಳ್ಕೊಡ್ತೀರಲ್ರೀ, ಟಿಕೆಟ್ ಮಾರಿ ತೋರಿಸ್ರಿ ನೋಡಾಣ." ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಕ್ಕಿಬಿದ್ದೆ.

ಖರ್ಚು ಒಟ್ಟು 1,80,000 ರೂಪಾಯಿ. ಮ್ಯಾಟ್ ಬಾಡಿಗೆ, ಗ್ಯಾಲರಿ ಕಟ್ಟುವವರ ಕೂಲಿ, ಲೈಟು, ಜನರೇಟರ್, 12 ತಂಡಗಳ ಊಟ, ಅಂಪೈರ್‌ಗಳ ಭತ್ಯೆ. ಕಾಲೇಜು 50,000 ಕೊಡುತ್ತದೆ. ತಂಡಗಳ ಪ್ರವೇಶ ಶುಲ್ಕ 24,000. ಮಂಡಿಪೇಟೆ, ಚಾಮರಾಜಪೇಟೆ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು ತಂದಿದ್ದು 40,000. ಉಳಿದ 66,000 ಟಿಕೆಟ್‌ನಿಂದಲೇ ಬರಬೇಕು. ಒಂದು ಟಿಕೆಟ್ಟಿಗೆ 50 ರೂಪಾಯಿ. ಅಂದರೆ 1,320 ಜನ ದುಡ್ಡು ಕೊಟ್ಟು ಕಾಲೇಜು ಕಬಡ್ಡಿ ನೋಡಬೇಕು.

ಕಾಲೇಜು ಕಬಡ್ಡಿಯನ್ನು ನಮ್ಮ ಊರಲ್ಲಿ ದುಡ್ಡು ಕೊಟ್ಟು ಯಾರು ನೋಡುತ್ತಾರೆ? ಜನಕ್ಕೆ ಕಬಡ್ಡಿ ಬೇಡ ಅಂತಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮನೆಮನೆಯಲ್ಲಿ ನೋಡುತ್ತಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ದರು. ಆದರೆ ಅದು ಟಿವಿಯಲ್ಲಿ, ಸೋಫಾದ ಮೇಲೆ ಕೂತು. ಇಲ್ಲಿ ಕೊಡುವುದು ಮರದ ಹಲಗೆ, ಸೊಳ್ಳೆ, ಮೇಲೆ 50 ರೂಪಾಯಿ ಟಿಕೆಟ್.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆಟೋಗೆ ಮೈಕ್ ಕಟ್ಟಿಸಿದೆವು. ದಾವಣಗೆರೆಗೆ ಈ ವಿದ್ಯೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಹುಟ್ಟಿ ಬೆಳೆದ ಊರು ಇದು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳು ಟೆಂಟು ಹಾಕುತ್ತವೆ, ಅವುಗಳ ಆಟೋ ಸಂದಿಗೊಂದಿ ಸುತ್ತುತ್ತದೆ. "ಇಂದೇ ಕಡೇ ಆಟ, ಇಂದೇ ಕಡೇ ಆಟ" ಅಂತ ಒಂದು ತಿಂಗಳು ಕೂಗುತ್ತಾರೆ. ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು, ಆದರೂ ಒಂದು ಆಸೆ ಹುಟ್ಟುತ್ತದೆ. ನಮ್ಮ ಆಟೋದವನು ಅದೇ ಧಾಟಿಯಲ್ಲಿ ಕಬಡ್ಡಿ ಕೂಗಿದ. ಒಂದು ದಿನ ನಾನೂ ಹಿಂದೆ ಕೂತು ಹೋದೆ. ಕೆ.ಟಿ.ಜೆ. ನಗರದಲ್ಲಿ ಅಜ್ಜಿಯೊಬ್ಬರು ಆಟೋ ನಿಲ್ಲಿಸಿ, "ಹಾಸ್ಯ ಪಾರ್ಟು ಯಾರ್ದಪ್ಪಾ?" ಅಂತ ಕೇಳಿದರು. ಕಬಡ್ಡಿ ಕಂಪನಿಯ ನಾಟಕ ಅಂದುಕೊಂಡಿದ್ದರು.

ಎರಡನೆಯದು ನನ್ನ ಸ್ವಂತ ಐಡಿಯಾ. ಅದರ ಮೇಲೆ ನನಗೆ ಬಹಳ ಅಭಿಮಾನವಿತ್ತು. ಜಯದೇವ ಸರ್ಕಲ್ ಹತ್ತಿರ ಸಂಜೆ ಆರಕ್ಕೆ ನಮ್ಮ ಹುಡುಗರು ಜರ್ಸಿ ಹಾಕಿಕೊಂಡು ಇದ್ದಕ್ಕಿದ್ದಂತೆ ರೈಡ್ ಶುರು ಮಾಡಬೇಕು. ಒಬ್ಬ "ಕಬಡ್ಡಿ ಕಬಡ್ಡಿ" ಅನ್ನುತ್ತಾ ನುಗ್ಗಬೇಕು, ಉಳಿದವರು ಕೈಕೈ ಹಿಡಿದು ಚೈನ್ ಹಾಕಿ ಹಿಡಿಯಬೇಕು. ಜನ ಸೇರಿದ ತಕ್ಷಣ ಟಿಕೆಟ್ ಪುಸ್ತಕ ಹೊರಗೆ.

ಜನ ಸೇರಿದರು, ಅದರಲ್ಲಿ ಸುಳ್ಳಿಲ್ಲ. ಎರಡು ನಿಮಿಷಕ್ಕೆ ಇನ್ನೂರು ಜನ. ಮೂರನೇ ನಿಮಿಷಕ್ಕೆ ಟ್ರಾಫಿಕ್ ಪೊಲೀಸರು. ಅವರು ಬೈದಿದ್ದು ಸರಿಯಾಗಿಯೇ ಇತ್ತು, ಬಸ್ಸೊಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ನಾನು ಐಡಿ ಕಾರ್ಡ್ ತೋರಿಸಿದರೆ, "ಮೇಷ್ಟ್ರಾಗಿ ಹಿಂಗ್ ಮಾಡ್ತೀರಲ್ರೀ" ಅಂದರು. ಅಷ್ಟರಲ್ಲಿ ಯಾರೋ ವಿಡಿಯೊ ಮಾಡಿ ಹಾಕಿದ್ದರು. ಮರುದಿನ ಬೆಳಗ್ಗೆಗೆ 40,000 ಜನ ನೋಡಿದ್ದರು. ಹುಡುಗರು ಕುಣಿದಾಡಿದರು. ನಾನು ಕ್ಲಾಸಿನಲ್ಲಿ 'ವೈರಲ್' ಅಂದರೆ ಏನು ಅಂತ ಅರ್ಧ ಗಂಟೆ ಪಾಠ ಮಾಡಿದೆ. ಸಂಜೆ ನಮ್ಮ ಲೆಕ್ಕದ ಹುಡುಗಿ, ಬಿ.ಕಾಂ. ಕೊನೇ ವರ್ಷದವಳು, ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಸರ್, ಇವತ್ತು 11 ಹೋಗಿದಾವೆ."

ನೋಡಿದ್ದು 40,000 ಜನ, ಕೊಂಡಿದ್ದು 11 ಜನ. ಆಮೇಲೆ ಅವಳೇ ಹೇಳಿದಳು, "ಫ್ರೀಯಾಗಿ ಸರ್ಕಲ್ಲಿನಲ್ಲೇ ತೋರ್ಸಿದ್ವಲ್ಲ ಸರ್, ಇನ್ನು ಗ್ರೌಂಡಿಗೆ ಯಾಕೆ ಬರ್ತಾರೆ?" ವಿಡಿಯೊದಲ್ಲಿ ಎಲ್ಲಿ, ಯಾವಾಗ ಅನ್ನುವುದೇ ಇರಲಿಲ್ಲ. ಪೊಲೀಸರು ಬೈಯುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಇದರ ಮಧ್ಯೆ ಹಿರಿಯರ ಸಲಹೆಗಳು. ಶಾಲೆಗಳಿಗೆ, ಗಣ್ಯರಿಗೆ 300 ಫ್ರೀ ಪಾಸ್ ಹಂಚಿ ಅಂದರು, ಹಂಚಿದೆವು. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಪಾಸ್ ತೆಗೆದುಕೊಂಡವರಲ್ಲಿ ಅರ್ಧಕ್ಕರ್ಧ ಬರಲಿಲ್ಲ. ಬಂದವರು ಮುಂದಿನ ಕುರ್ಚಿಯಲ್ಲಿ ಕೂತರು, ದುಡ್ಡು ಕೊಟ್ಟವರು ಹಿಂದಿನ ಹಲಗೆಯ ಮೇಲೆ ಕೂತು ನಮ್ಮನ್ನು ದುರುಗುಟ್ಟಿ ನೋಡಿದರು. ಹಳೇ ವಿದ್ಯಾರ್ಥಿಯೊಬ್ಬರ ಸಲಹೆ ಇನ್ನೂ ಜೋರಾಗಿತ್ತು. ಕ್ರಿಕೆಟಿಗ ವಿನಯ್ ಕುಮಾರ್ ನಮ್ಮೂರಿನವರು, 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ದೇಶಕ್ಕೆಲ್ಲ ಗೊತ್ತು, "ಬರುವ ನಿರೀಕ್ಷೆ ಇದೆ" ಅಂತ ಬ್ಯಾನರಿನಲ್ಲಿ ಹಾಕಿಬಿಡಿ, ನಿರೀಕ್ಷೆ ಇಟ್ಟುಕೊಂಡರೆ ತಪ್ಪೇನು ಅಂದರು. ನಾವು ಅವರನ್ನು ಕೇಳಿಯೇ ಇರಲಿಲ್ಲ. ಇದನ್ನು ಮಾತ್ರ ನಾನು ಒಪ್ಪಲಿಲ್ಲ. ನಾಟಕದವರ "ಕಡೇ ಆಟ" ಊರಿಗೆಲ್ಲ ಗೊತ್ತಿರುವ ಸುಳ್ಳು. ಇದು ಹಾಗಲ್ಲ. ಗೇಟಿನಲ್ಲಿ ನಿಂತು "ಎಲ್ರೀ ಅವರು?" ಅನ್ನುವವರಿಗೆ ಉತ್ತರ ಕೊಡಬೇಕಾದವನು ನಾನೇ.

ಹೀಗೆ ದಾರಿ ತೋಚದೆ ಇದ್ದಾಗ ಒಂದು ಸಂಜೆ ಕ್ಯಾಂಟೀನಿನಲ್ಲಿ ಹುಡುಗರನ್ನೆಲ್ಲ ಕೂರಿಸಿಕೊಂಡೆ. ಬೇರೆ ಕಡೆ ಕಾಲೇಜು ಆಟಕ್ಕೆ ಜನರನ್ನು ಹೇಗೆ ಕರೆಸುತ್ತಾರೆ, ಹುಡುಕಿಕೊಂಡು ಬನ್ನಿ ಅಂತ ಹಿಂದಿನ ದಿನವೇ ಹೇಳಿದ್ದೆ. ಹುಡುಕಿಕೊಂಡು ಬಂದರು ನೋಡಿ! ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಊರಹಬ್ಬ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಹುಡುಗರು 2013ರಿಂದ ಬುಟ್ಟಿಯ ಹಿಂದೆ ಒಂದು ಪರದೆ ಕಟ್ಟುತ್ತಾರಂತೆ. ಎದುರಾಳಿ ಫ್ರೀ ಥ್ರೋ ಎಸೆಯುವ ಹೊತ್ತಿಗೆ ಸರಕ್ಕನೆ ಪರದೆ ಸರಿಸುತ್ತಾರೆ, ಹಿಂದೆ ಯಾರೋ ವಿಚಿತ್ರ ವೇಷದಲ್ಲಿ ಕುಣಿಯುತ್ತಿರುತ್ತಾರೆ. 2016ರಲ್ಲಿ ಒಂದು ದಿನ ಪರದೆ ಸರಿಸಿದರೆ ಹಿಂದೆ ನಿಂತಿದ್ದವನು ಈಜುಗಾರ ಮೈಕೆಲ್ ಫೆಲ್ಪ್ಸ್, ಚಡ್ಡಿಯಲ್ಲಿ, ಕೊರಳ ತುಂಬ ಪದಕ. ನಮ್ಮ ಹುಡುಗರಿಗೆ ಇದು ಬಹಳ ಹಿಡಿಸಿತು. ಪಿ.ಟಿ. ಮೇಷ್ಟ್ರು ಒಂದೇ ಮಾತಿನಲ್ಲಿ ಮುಗಿಸಿದರು: "ರೈಡ್ ಮಾಡೋನ ಮುಂದೆ ಪರದೆ ಸರಿಸಿದ್ರೆ ಅಂಪೈರ್ ನಮ್ಮನ್ನೇ ಹೊರಗೆ ಸರಿಸ್ತಾರೆ."

ಲೆಕ್ಕದ ಹುಡುಗಿ ತಂದಿದ್ದು ಬೇರೆ ಕಥೆ. ಜಾರ್ಜಿಯಾ ರಾಜ್ಯದ ಸವಾನಾ ಊರಿನ ಬೇಸ್‌ಬಾಲ್ ತಂಡ, ಹೆಸರು ಸವಾನಾ ಬನಾನಾಸ್. 2016ರಲ್ಲಿ ಶುರುವಾಗಿದ್ದು. ಆಗ ಅದರಲ್ಲಿ ಆಡುತ್ತಿದ್ದವರೆಲ್ಲ ಬೇಸಿಗೆ ರಜೆಯ ಕಾಲೇಜು ಹುಡುಗರು. ಮೊದಮೊದಲು ಟಿಕೆಟ್ ಕೇಳುವವರೇ ಇರಲಿಲ್ಲವಂತೆ. ಮಾಲೀಕ ಜೆಸ್ಸಿ ಕೋಲ್ ಹಳದಿ ಕೋಟು ಹಾಕಿಕೊಂಡು ಓಡಾಡಿದ, ಅಜ್ಜಿಯರ ಡ್ಯಾನ್ಸ್ ತಂಡ ಕಟ್ಟಿದ. ಇದೆಲ್ಲ ಸರಿ. "ಆದ್ರೆ ಮುಖ್ಯ ಅದಲ್ಲ ಸರ್," ಅಂದಳು, "ಅವ್ರು ಊಟಾನೂ ಟಿಕೆಟ್ಟಲ್ಲೇ ಸೇರಿಸಿದ್ರು."

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಆಮೇಲೆ ನಾಲ್ಕೈದು ಜನ ಒಟ್ಟಿಗೇ ಹೇಳಿದರು, "ಮಂಡಕ್ಕಿ!"

ದಾವಣಗೆರೆಯಲ್ಲಿ ಸಂಜೆ ಆರರ ನಂತರ ಮನುಷ್ಯನಿಗೆ ಬೇಕಾಗುವುದು ಎರಡೇ, ಮಂಡಕ್ಕಿ ಮತ್ತು ಮಿರ್ಚಿ. ಇದಕ್ಕೆ ಸರ್ವೆ ಬೇಕಿಲ್ಲ. ಇಲ್ಲಿ ಒಂದು ಬಡಾವಣೆಗೇ ಮಂಡಕ್ಕಿ ಭಟ್ಟಿ ಅಂತ ಹೆಸರಿದೆ. ಮರುದಿನವೇ ಭಟ್ಟಿಗೆ ಹೋದೆವು. ಹೊಗೆ, ಮರಳಿನ ಬಿಸಿ, ಅಕ್ಕಿ ಚಟಪಟ ಅಂತ ಅರಳುವ ಸದ್ದು. ಚೀಲದ ಲೆಕ್ಕದಲ್ಲಿ ಮಂಡಕ್ಕಿ ಮಾತಾಡಿದೆವು. ಒಗ್ಗರಣೆಗೆ, ಮಿರ್ಚಿ ಕರಿಯುವುದಕ್ಕೆ ಕಾಲೇಜಿನ ಹಿಂದಿನ ಗಾಡಿಯವರು ಒಪ್ಪಿದರು. ಒಬ್ಬರಿಗೆ ಒಂದು ಪೊಟ್ಟಣ ಖಾರ ಮಂಡಕ್ಕಿ, ಒಂದು ಮಿರ್ಚಿ, ಖರ್ಚು 12 ರೂಪಾಯಿ. ಟಿಕೆಟ್ ಬೆಲೆ 50 ಇದ್ದಿದ್ದನ್ನು 60 ಮಾಡಿದೆವು. ಹಳೇ ಟಿಕೆಟ್ ಕೊಂಡ 48 ಜನಕ್ಕೂ ಮಂಡಕ್ಕಿ ಕೊಡುವುದು ಅಂತಾಯಿತು. ನರ್ಗಿಸ್ ಮಂಡಕ್ಕಿ ಕೊಡಬೇಕು ಅಂತ ಒಂದು ಗುಂಪು ಹಟ ಹಿಡಿಯಿತು. ಖರ್ಚು ಕೇಳಿ ತಣ್ಣಗಾಯಿತು.

ಬೆಲೆ ಜಾಸ್ತಿ ಮಾಡಿದ ಮೇಲೆ ಟಿಕೆಟ್ ಜಾಸ್ತಿ ಹೋಗತೊಡಗಿತು. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದರೆ ಹುಡುಗರು ನಂಬುತ್ತಿರಲಿಲ್ಲ. 'ಕಬಡ್ಡಿ ನೋಡೋಕೆ 60 ರೂಪಾಯಿ' ಅಂದರೆ ಮುಖ ತಿರುಗಿಸುವವರು 'ಮಂಡಕ್ಕಿ, ಮಿರ್ಚಿ, ಮೂರು ತಾಸು ಕಬಡ್ಡಿ' ಅಂದರೆ ಕೈ ಚಾಚುತ್ತಿದ್ದರು. ಬಟ್ಟೆ ಬ್ಯಾನರ್ ಬರೆಸಿದೆವು. ಮೊದಲು ಸಿನಿಮಾ ಬೋರ್ಡ್ ಬರೆಯುತ್ತಿದ್ದ ಪೇಂಟರ್ ಒಬ್ಬರು ಸಿಕ್ಕಿದರು. ಬಹಳ ದಿನದ ಮೇಲೆ ಕುಂಚ ಹಿಡಿದಿದ್ದಕ್ಕೋ ಏನೋ, ಆಟಗಾರರಿಗಿಂತ ಮಿರ್ಚಿಯನ್ನೇ ದೊಡ್ಡದಾಗಿ ಬರೆದುಬಿಟ್ಟರು. ಇರಲಿ ಬಿಡಿ ಅಂದೆವು. ನೂಲಿನ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಬಟ್ಟೆ ಬ್ಯಾನರ್ ನೋಡಿ ಜನ ನಿಂತು ಓದುವುದೇ ನಮಗೆ ಹೊಸದಾಗಿ ಕಂಡಿತು.

ಆದರೂ ಅತಿ ಹೆಚ್ಚು ಟಿಕೆಟ್ ಮಾರಿದವರು ನಾವ್ಯಾರೂ ಅಲ್ಲ. ನಮ್ಮ ತಂಡದ ಲೆಫ್ಟ್ ಕಾರ್ನರ್ ಹುಡುಗನ ತಾಯಿ ಒಂದು ಸಣ್ಣ ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತಾರೆ, ನಾಲ್ಕೇ ಟೇಬಲ್. ಹುಡುಗ ಎರಡು ಪುಸ್ತಕ ತೆಗೆದುಕೊಂಡು ಹೋಗಿದ್ದ. ಮೂರನೇ ದಿನ ಖಾಲಿ ಪುಸ್ತಕ ತಂದು, "ಅಮ್ಮ ಇನ್ನೊಂದಷ್ಟು ಕೇಳಿದ್ಲು ಸರ್" ಅಂದ. ನನಗೆ ನಂಬಿಕೆ ಬರಲಿಲ್ಲ. ನಾನೇ ಹೋದೆ.

ಹೋಟೆಲಿನಲ್ಲಿ ಕಾಯುವವರು ಗೋಡೆಗೆ ಒರಗಿ ನಿಂತಿದ್ದರು. ಹಂಚಿನ ಮೇಲೆ ಆರು ದೋಸೆ, ಪಕ್ಕದಲ್ಲಿ ಬೆಣ್ಣೆ ಮುದ್ದೆ. ಅಮ್ಮ ಸೌಟು ಹಿಡಿದುಕೊಂಡೇ ಮಾತಾಡಿದರು.

"ಕೂತ್ಕಳ್ರಿ ಸರ, ದೋಸಿ ಹಾಕ್ತೀನಿ."

"ಅಮ್ಮಾ, ಇಷ್ಟೊಂದು ಟಿಕೆಟ್ ಹೆಂಗೆ ಮಾರಿದ್ರಿ?"

"ಅದ್ರಾಗೇನೈತಿ? ದೋಸಿ ಕೊಡಾಕಿಂತ ಮೊದ್ಲು ಟಿಕೆಟ್ ಕೊಡ್ತೀನಿ."

ಅಷ್ಟೇ ಉತ್ತರ. ನಾನು ಅರ್ಧ ಗಂಟೆ ಕೂತು ನೋಡಿದೆ. ಬೆಣ್ಣೆ ದೋಸೆ ಅವಸರದ ತಿಂಡಿಯಲ್ಲ, ಕಾಯಲೇಬೇಕು. ಕಾಯುವವನ ಕೈ ಖಾಲಿ, ಹೊಟ್ಟೆ ಖಾಲಿ, ಕಣ್ಣು ಹಂಚಿನ ಮೇಲೆ. ಆ ಹೊತ್ತಿಗೆ ಅಮ್ಮ ಟಿಕೆಟ್ ಚಾಚುತ್ತಾರೆ: "ನನ್ ಮಗ ಆಡ್ತಾನೆ, ಶನಿವಾರ. ಕಾಲು ಹಿಡಿದ್ರೆ ಬಿಡಲ್ಲ. ಮಂಡಕ್ಕಿನೂ ಕೊಡ್ತಾರೆ." ದೋಸೆಗೆ ಕಾಯುತ್ತಿರುವ ಯಾವ ಮನುಷ್ಯ ಆ ಅಮ್ಮನಿಗೆ ಬೇಡ ಅನ್ನುತ್ತಾನೆ? ಪುಸ್ತಕ ನೋಡಿದೆ, ಅಷ್ಟರಲ್ಲಾಗಲೇ 134 ಹರಿದಿತ್ತು. ನಾನು ದೋಸೆ ತಿಂದು ದುಡ್ಡು ಕೊಡಲು ಹೋದರೆ ನನಗೂ ಒಂದು ಟಿಕೆಟ್ ಚಾಚಿದರು. ತೆಗೆದುಕೊಂಡೆ. ನನ್ನ ಆರನೇ ಟಿಕೆಟ್.

ಅವತ್ತೇ ರಾತ್ರಿ ಉಳಿದ ಪುಸ್ತಕಗಳನ್ನು ಹಂಚುವ ರೀತಿಯನ್ನೇ ಬದಲಾಯಿಸಿದೆವು. ಆಟಗಾರರ ಮನೆಯವರು, ಅವರು ಕೆಲಸ ಮಾಡುವ ಕಡೆ, ಜನ ಎಲ್ಲೆಲ್ಲಿ ಸುಮ್ಮನೆ ಕಾಯುತ್ತಾರೋ ಅಲ್ಲೆಲ್ಲ. ಕಟಿಂಗ್ ಶಾಪ್, ಹಿಟ್ಟಿನ ಗಿರಣಿ, ಪಂಕ್ಚರ್ ಅಂಗಡಿ. ಹರಿಹರ, ಹೊನ್ನಾಳಿ, ಜಗಳೂರು ಕಡೆಯ ತಂಡಗಳ ಹುಡುಗರಿಗೂ ಅವರವರ ಊರಿಗೆ ಒಂದೊಂದು ಪುಸ್ತಕ. ಮೈಕಿನ ಆಟೋ ನಿಲ್ಲಿಸಿದೆವು. ಆಟೋದವನಿಗೆ ಬೇಜಾರಾಯಿತು, ಅವನಿಗೂ ಒಂದು ಪುಸ್ತಕ ಕೊಟ್ಟೆವು. ರೈಲ್ವೆ ಗೇಟ್ ಹಾಕಿದಾಗ ಪಕ್ಕದ ಬೈಕಿನವರಿಗೆ 22 ಮಾರಿದ.

ಇಷ್ಟಾದರೂ ನನಗೆ ಒಂದು ಆಸೆ ಉಳಿದಿತ್ತು. ಬಂದವರು ಹೋಗಿ ಇನ್ನೊಬ್ಬರಿಗೆ ಹೇಳುವಂಥದ್ದು ಏನಾದರೂ ಬೇಕಲ್ವಾ? ಹುಡುಗರು ತಂದ ಕಥೆಗಳಲ್ಲಿ ಒಂದು ನನ್ನ ತಲೆಯಲ್ಲೇ ಕೂತಿತ್ತು. ಇಂಡಿಯಾನಾ ರಾಜ್ಯದಲ್ಲಿ ಟೇಲರ್ ಯೂನಿವರ್ಸಿಟಿ ಅಂತ ಒಂದು ಸಣ್ಣ ವಿಶ್ವವಿದ್ಯಾಲಯ ಇದೆ. ಪ್ರತಿ ಡಿಸೆಂಬರ್‌ನಲ್ಲಿ ಅಲ್ಲೊಂದು ಬ್ಯಾಸ್ಕೆಟ್‌ಬಾಲ್ ಪಂದ್ಯ. ವಿದ್ಯಾರ್ಥಿಗಳು ಪೈಜಾಮ ಹಾಕಿಕೊಂಡು, ವೇಷ ಕಟ್ಟಿಕೊಂಡು ಬಂದು ಕೂರುತ್ತಾರೆ. ತಮ್ಮ ತಂಡ ಹತ್ತನೇ ಪಾಯಿಂಟ್ ಮಾಡುವ ತನಕ ಒಬ್ಬರೂ ಉಸಿರೆತ್ತುವುದಿಲ್ಲ. ಹತ್ತನೆಯದು ಬಿದ್ದ ಕೂಡಲೇ ಇಡೀ ಹಾಲ್ ಹುಚ್ಚೆದ್ದು ಕುಣಿಯುತ್ತದೆ.

"ನಾವೂ ಮಾಡಾಣ ಸರ್" ಅಂದ ಕ್ಯಾಪ್ಟನ್.

"ದಾವಣಗೆರೆ ಜನ ಸುಮ್ನೆ ಕೂರ್ತಾರಾ?" ಅಂದರು ಪಿ.ಟಿ. ಮೇಷ್ಟ್ರು. ಅವರ ಅನುಮಾನ ನ್ಯಾಯವಾದದ್ದೇ. ನಮ್ಮಲ್ಲಿ ಸಾವಿನ ಮನೆಯಲ್ಲೂ ಯಾರೋ ಒಬ್ಬರು ಫೋನಿನಲ್ಲಿ ಜೋರಾಗಿ ಮಾತಾಡುತ್ತಿರುತ್ತಾರೆ.

ಆದರೂ ಬ್ಯಾನರಿನಲ್ಲಿ ಒಂದು ಸಾಲು ಸೇರಿಸಿದೆವು: 'ಶನಿವಾರ ಸಂಜೆ 7ರ ಪಂದ್ಯ. ಹತ್ತನೇ ಪಾಯಿಂಟ್ ತನಕ ಸದ್ದಿಲ್ಲ. ಆಮೇಲೆ ನಿಮ್ಮಿಷ್ಟ.' ತಮಟೆಯ ಒಂದು ತಂಡಕ್ಕೆ ಹೇಳಿದೆವು. ಕೋಲೆತ್ತಿ ನಿಂತಿರಬೇಕು, ಹತ್ತಾಗುವ ತನಕ ಬಡಿಯಬಾರದು. ಅವರ ಹಿರಿಯರು ಎರಡು ಸಲ ಕೇಳಿದರು, "ಬಡೀಬಾರ್ದು ಅಂತ ದುಡ್ಡು ಕೊಡ್ತೀರಾ?"

ಶನಿವಾರ ಬಂತು. ಗ್ಯಾಲರಿ ಪೂರ್ತಿ ತುಂಬಿರಲಿಲ್ಲ, ಆದರೆ ಖಾಲಿ ಹಲಗೆ ಹುಡುಕಬೇಕಿತ್ತು. ಪಂದ್ಯಕ್ಕೆ ಮೊದಲು ನಾನೇ ಮೈಕ್ ಹಿಡಿದು ನಿಯಮ ಹೇಳಿದೆ. ಜನ ನಕ್ಕರು, ಸೀಟಿ ಹೊಡೆದರು. ಮೈಕ್ ಬಂದ್ ಮಾಡಿದೆ. ಅಂಪೈರ್ ಸೀಟಿ ಊದಿದರು.

ಮೊದಲ ಎರಡು ನಿಮಿಷ ನಗು, ಶ್ಶ್, ಮತ್ತೆ ನಗು. ಮಂಡಕ್ಕಿ ಪೊಟ್ಟಣದ ಕಾಗದದ ಸರಸರ. ಮಗುವೊಂದು ಅಪ್ಪನನ್ನು ಏನೋ ಕೇಳಿತು, ಸುತ್ತಲಿನ ಹತ್ತು ಜನ ತಿರುಗಿ ಬಾಯಿಯ ಮೇಲೆ ಬೆರಳಿಟ್ಟರು. ಆಮೇಲೆ ನಿಜವಾಗಿಯೂ ನಿಶ್ಶಬ್ದವಾಯಿತು. ದೂರದಲ್ಲಿ ರೈಲು ಕೂಗಿದ್ದು ಕೇಳಿತು. ಜನರೇಟರಿನ ಗುಂಯ್ ಅನ್ನುವ ಸದ್ದು. ಅದರ ಮೇಲೆ ತೇಲಿ ಬಂತು: ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ.

ಚಿಕ್ಕಂದಿನಿಂದ ಎಷ್ಟು ಕಬಡ್ಡಿ ನೋಡಿದ್ದೇನೋ ಲೆಕ್ಕವಿಲ್ಲ. ರೈಡರ್‌ನ ದನಿಯನ್ನು ಪೂರ್ತಿ ಕೇಳಿದ್ದು ಅವತ್ತೇ. ನಡುಗೆರೆ ದಾಟುವಾಗ ಅದು ಗಟ್ಟಿಯಾಗಿ, ಸಲೀಸಾಗಿ ಇರುತ್ತದೆ. ಒಳಗೆ ಹೋದ ಹಾಗೆಲ್ಲ ಸಣ್ಣದಾಗುತ್ತದೆ. ಕಾರ್ನರ್ ಹುಡುಗ ಒಂದು ಹೆಜ್ಜೆ ಮುಂದಿಟ್ಟರೆ 'ಕ' ಬಿಟ್ಟುಹೋಗಿ ಬರೀ 'ಬಡ್ಡಿಬಡ್ಡಿಬಡ್ಡಿ' ಆಗುತ್ತದೆ. ವಾಪಸ್ ಓಡುವಾಗ 'ಡಿಡಿಡಿ' ಅಷ್ಟೇ. ಮ್ಯಾಟಿನ ಮೇಲೆ ಶೂ ಕಿರ್ರ್ ಅನ್ನುವುದು, ಹಿಡಿಯುವವರು ಒಬ್ಬರಿಗೊಬ್ಬರು "ಬೋನಸ್, ಬೋನಸ್ ನೋಡು" ಅಂತ ಪಿಸುಗುಡುವುದು, ಎಲ್ಲಾ ಕೇಳುತ್ತಿತ್ತು. ಒಂದು ಥೈ ಹೋಲ್ಡ್ ಬಿದ್ದಾಗ ಮೈಗೆ ಮೈ ಬಡಿದ ಸದ್ದು ಕೇಳಿ ಹೆಂಗಸರ ಗ್ಯಾಲರಿಯಲ್ಲಿ "ಅಯ್ಯಮ್ಮಾ" ಅಂದರು. ಅದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಎದುರಾಳಿ ತಂಡದ ರೈಡರ್ ಒಬ್ಬ ಒಳ್ಳೆಯ ಎತ್ತರದವನು. ನಾಲ್ಕನೇ ಸಲ ಬಂದಾಗ ಅವನ ದನಿ ಒಂದು ಕಡೆ ಮುರಿಯಿತು, ಹೊಲಿಗೆ ಬಿಟ್ಟ ಹಾಗೆ. ಅಂಪೈರ್ ಸೀಟಿ ಊದಿ ಔಟ್ ಕೊಟ್ಟರು. ಬೇರೆ ದಿನವಾಗಿದ್ದರೆ ಗ್ಯಾಲರಿಯಲ್ಲಿ ಯಾಕೆ, ಏನು ಅಂತ ಗಲಾಟೆ ಆಗುತ್ತಿತ್ತು. ಅವತ್ತು ಎಲ್ಲರಿಗೂ ಕೇಳಿಸಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ, ಗರಡಿಯಲ್ಲಿ ಪಳಗಿದ ಮೈಯಂತೆ ಕಾಣುತ್ತಿದ್ದ ಅಜ್ಜರೊಬ್ಬರು ಪಕ್ಕದವನ ಕಿವಿಯಲ್ಲಿ, "ದಮ್ಮು ಹೋತು" ಅಂದರು. ಆ ಪಿಸುಮಾತೂ ನನಗೆ ಕೇಳಿತು.

ನಮ್ಮ ತಂಡ ಒಂಬತ್ತಕ್ಕೆ ಬಂದು ನಿಂತುಬಿಟ್ಟಿತು. ಒಂದು ರೈಡ್ ಖಾಲಿ. ಇನ್ನೊಂದು ಖಾಲಿ. ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ಹೋದವನೇ ಔಟ್. ಇರುವುದು 30 ಸೆಕೆಂಡ್. ಕ್ಯಾಪ್ಟನ್ ಹೋದ. ತಮಟೆಯವರ ಕೋಲು ಮೇಲೆ. ಸಾವಿರದ ಹತ್ತಿರ ಜನ ಕೂತ ಗ್ಯಾಲರಿಯಲ್ಲಿ ಯಾರೂ ಮಂಡಕ್ಕಿಯನ್ನೂ ಅಗಿಯುತ್ತಿರಲಿಲ್ಲ. ಬಲಗಡೆ ಒಂದು ಸುಳ್ಳು ಹೆಜ್ಜೆ ಹಾಕಿದ, ಎಡಕ್ಕೆ ತಿರುಗಿದ. ಅವರ ಕಾರ್ನರ್ ಎಗರಿ ಕಣಕಾಲು ಹಿಡಿದ. ಕವರ್ ಹುಡುಗನೂ ಬಂದು ಸೊಂಟಕ್ಕೆ ಬಿದ್ದ. ಕ್ಯಾಪ್ಟನ್ ಇಬ್ಬರನ್ನೂ ಎಳೆದುಕೊಂಡೇ ನೆಲಕ್ಕೆ ಬಿದ್ದು ಕೈ ಚಾಚಿದ. ಬೆರಳು ಗೆರೆ ಮುಟ್ಟಿತು. ಡಿಡಿಡಿಡಿ ನಿಂತಿರಲಿಲ್ಲ.

ಅಂಪೈರ್ ಎರಡು ಬೆರಳೆತ್ತಿದರು. ಎರಡು ಪಾಯಿಂಟ್!

ಆಗ ಆಗಿದ್ದೇ ತಮಾಷೆ. ಬೋರ್ಡ್ ಮೇಲೆ 9 ಹೋಗಿ 11 ಬಂತು. ಹತ್ತು ಬರಲೇ ಇಲ್ಲ. ಇಡೀ ಗ್ಯಾಲರಿ ಬಾಯಿ ತೆರೆದುಕೊಂಡು ಕೂತಿತ್ತು, ಕೂಗಬೇಕೋ ಬೇಡವೋ ಗೊತ್ತಿಲ್ಲ. ತಮಟೆಯ ಹಿರಿಯರು ಕೋಲೆತ್ತಿಕೊಂಡು ನನ್ನ ಮುಖ ನೋಡಿದರು. ನನಗೂ ಒಂದು ಕ್ಷಣ ತಲೆ ಓಡಲಿಲ್ಲ. ಆಮೇಲೆ ಎರಡೂ ಕೈ ಎತ್ತಿ "ಹೊಡೀರಿ" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

ತಮಟೆ, ಸೀಟಿ, ಚೀರಾಟ. ದೋಸೆ ಅಮ್ಮ ಸೆರಗು ಬೀಸುತ್ತಾ ನಿಂತಿದ್ದರು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಗ್ಯಾಲರಿಯ ಮೇಲಿನಿಂದ ಒಂದು ಹಿಡಿ ಮಂಡಕ್ಕಿ ಗಾಳಿಗೆ ಹಾರಿತು. ಆಮೇಲೆ ನೂರು ಹಿಡಿ. ತೇರಿಗೆ ಬಾಳೆಹಣ್ಣು ಎಸೆಯುವ ಊರಿನವರು ನಾವು, ಕೈ ಸುಮ್ಮನಿರುತ್ತದಾ? ಲೈಟಿನ ಬೆಳಕಿನಲ್ಲಿ ಮಂಡಕ್ಕಿ ಬೀಳುವುದು ನೋಡಲು ಚೆನ್ನಾಗಿಯೇ ಇತ್ತು. ಬಿದ್ದಿದ್ದು ಮ್ಯಾಟಿನ ಮೇಲೆ. ಒಗ್ಗರಣೆ ಹಾಕಿದ, ಎಣ್ಣೆ ಹಿಡಿದ ಮಂಡಕ್ಕಿ.

ಅಂಪೈರ್ ಆಟ ನಿಲ್ಲಿಸಿದರು. ಎದುರಾಳಿ ತಂಡದ ಕೋಚ್ ಸಿಟ್ಟಾಗಿ ಬಂದರು. ಕಾಲು ಜಾರಿ ಮಂಡಿ ಹೋದರೆ ಯಾರು ಹೊಣೆ ಅಂದರು. ನನ್ನ ಬಾಯಿ ಒಣಗಿತು. ಪ್ರಚಾರ ಮೈದಾನಕ್ಕೆ ಇಳಿದರೆ ಏನಾಗುತ್ತದೆ ಅಂತ ನಾನೇ ಕ್ಲಾಸಿನಲ್ಲಿ ಹೇಳಿದ್ದೆ. 1979ರ ಜುಲೈ 12ರಂದು ಶಿಕಾಗೊದ ಕೊಮಿಸ್ಕಿ ಪಾರ್ಕಿನಲ್ಲಿ, ಡಿಸ್ಕೊ ರೆಕಾರ್ಡ್ ತಂದವರಿಗೆ 98 ಸೆಂಟ್‌ಗೆ ಬೇಸ್‌ಬಾಲ್ ಟಿಕೆಟ್ ಕೊಟ್ಟಿದ್ದರು. ಎರಡು ಪಂದ್ಯದ ನಡುವೆ ಆ ರೆಕಾರ್ಡ್‌ಗಳನ್ನು ಮೈದಾನದಲ್ಲೇ ಸಿಡಿಸಿದರು. ಸಾವಿರಾರು ಜನ ಒಳಗೆ ನುಗ್ಗಿ ಮೈದಾನ ಹಾಳಾಯಿತು, ಎರಡನೇ ಪಂದ್ಯ ನಡೆಯಲೇ ಇಲ್ಲ. ಅದನ್ನು ಆತಿಥೇಯ ತಂಡವೇ ಸೋತಂತೆ ಲೆಕ್ಕ ಹಾಕಿದರು. ಈ ಕಥೆ ಹೇಳಿ ಹುಡುಗರನ್ನು ನಗಿಸಿದ್ದೆ. ಈಗ ನಗುವ ಸರದಿ ಯಾರದ್ದೋ.

ಪುಣ್ಯಕ್ಕೆ ನಮ್ಮ ಜನ ಮೈದಾನಕ್ಕೆ ನುಗ್ಗಲಿಲ್ಲ. ನುಗ್ಗಿದ್ದು ಪೊರಕೆಗಳು. ಹಾಸ್ಟೆಲಿನಿಂದ ಹತ್ತು ಪೊರಕೆ, ಒದ್ದೆ ಬಟ್ಟೆ, ಎರಡು ಬಕೆಟ್. ಎರಡೂ ತಂಡದ ಹುಡುಗರು ಸೇರಿಯೇ ಗುಡಿಸಿದರು. ಮ್ಯಾಟ್ ಅಂದರೆ ಒಂದೇ ಹಾಸಲ್ಲ, ಹಲ್ಲಿಗೆ ಹಲ್ಲು ಕೂರಿಸಿದ ತುಂಡುಗಳು. ಒಂದೊಂದು ಸಂದಿನಲ್ಲೂ ಮಂಡಕ್ಕಿ. 20 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಮಟೆಯವರು ಬಡಿದರು, ಜನ ಎದ್ದು ಹೋಗಲಿಲ್ಲ. ಆಟ ಮತ್ತೆ ಶುರುವಾಯಿತು. ನಮ್ಮವರು ಮೂರು ಪಾಯಿಂಟಿನಿಂದ ಸೋತರು.

ಭಾನುವಾರ ಮಂಡಕ್ಕಿಯನ್ನು ಗ್ಯಾಲರಿಯೊಳಗೆ ಬಿಡಲಿಲ್ಲ. ಗೇಟಿನ ಹತ್ತಿರವೇ ತಿಂದು ಒಳಗೆ ಹೋಗಿ ಅಂದೆವು. ಸದ್ದಿಲ್ಲದ ಆಟ ಶನಿವಾರಕ್ಕೆ ಮಾತ್ರ ಅಂತ ನಾವು ಅಂದುಕೊಂಡಿದ್ದೆವು. ಆದರೆ ಗೇಟಿನಲ್ಲಿ ಬಂದವರೆಲ್ಲ ಕೇಳಿದ್ದು ಒಂದೇ, "ಇವತ್ತು ಸುಮ್ನಿರೋದು ಯಾವಾಗ್ರೀ?" ಕೊನೆಗೆ ಫೈನಲ್ಲಿಗೂ ಅದೇ ನಿಯಮ ಹಾಕಿದೆವು. ಎರಡೂ ಹೊರಗಿನ ತಂಡಗಳು. ಯಾರು ಮೊದಲು ಹತ್ತು ದಾಟಿದರೂ ಸರಿ ಅಂದೆವು. 'ಮುಟ್ಟಿದರೆ' ಅನ್ನಲಿಲ್ಲ, 'ದಾಟಿದರೆ' ಅಂದೆವು. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕು ಅನ್ನುವ ಭಯದಲ್ಲಿ ಬಹುಮಾನ ಕೊಡುವುದನ್ನು ಏಳು ನಿಮಿಷದಲ್ಲಿ ಮುಗಿಸಿದೆವು. ಅತಿಥಿಗಳ ಭಾಷಣ ಇರಲಿಲ್ಲ. ಅದಕ್ಕೂ ಜನ ಚಪ್ಪಾಳೆ ತಟ್ಟಿದರು.

ಸೋಮವಾರ ಲೆಕ್ಕದ ಹುಡುಗಿ ಪುಸ್ತಕಗಳ ಬುಡ ಎಣಿಸಿದಳು. ಎರಡು ದಿನಕ್ಕೆ 1,386 ಟಿಕೆಟ್. ಬಂದ ದುಡ್ಡು 82,680. ಮಂಡಕ್ಕಿ, ಮಿರ್ಚಿಗೆ ಹೋಗಿದ್ದು 16,632. ಉಳಿದಿದ್ದು 66,048. ನಾವು ಅಂದುಕೊಂಡಿದ್ದಕ್ಕಿಂತ 48 ರೂಪಾಯಿ ಜಾಸ್ತಿ. ನಾನು ಮೇಜು ಗುದ್ದಿ ಎದ್ದು ನಿಂತೆ. "ಸರ್," ಅಂದಳು ಅವಳು, "ಬಟ್ಟೆ ಬ್ಯಾನರ್, ತಮಟೆ ಇವೆರಡೂ ಬಜೆಟ್ಟಿನಲ್ಲಿ ಇರ್ಲಿಲ್ಲ." ಅದು ಐದೂವರೆ ಸಾವಿರ. ಪಿ.ಟಿ. ಮೇಷ್ಟ್ರು ಅರ್ಧ ಕೊಟ್ಟರು, ನಾನು ಅರ್ಧ. ಅತಿಥಿ ಉಪನ್ಯಾಸಕನ ಸಂಬಳದಲ್ಲಿ ಅದು ಸಣ್ಣದಲ್ಲ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.

ಮ್ಯಾಟಿನ ಮುಂಗಡ ವಾಪಸ್ ಬರುವುದಿತ್ತು. ವಾರ ಕಳೆದರೂ ಬರಲಿಲ್ಲ. ಫೋನ್ ಮಾಡಿದೆ.

"800 ಮುರ್ಕಂಡೀನಿ ಸರ," ಅಂದ ಮ್ಯಾಟಿನವನು.

"ಯಾಕ್ರೀ? ಎಲ್ಲಾ ಗುಡಿಸಿ ಒರೆಸಿ ಕೊಟ್ಟಿದ್ವಲ್ಲ."

"ಒರೆಸೀರಿ, ಇಲ್ಲ ಅನ್ನಲ್ಲ. ಆದ್ರೆ ಸಂದಿನಾಗೆ ಖಾರ ಮಂಡಕ್ಕಿ ಹಂಗೇ ಐತಿ. ಗೋಡೌನಿಗೆ ಇಲಿ ಬಂದಾವ್ರೀ. ನಾಲ್ಕು ತುಂಡು ಕಡಿದು ಹಾಕ್ಯಾವೆ." ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, "ಮುಂದಿನ ವರ್ಷಾನೂ ಮಾಡ್ತೀರೇನು? ನಂಗೂ ಎರಡು ಟಿಕೆಟ್ ಇಡ್ರಿ."